ನುಗ್ಗಿ ಪಡೆದ ಗ್ಯಾಪ್

ಎಲ್ಲರಿಗೂ ನಮಸ್ಕಾರ. ಮುಖ್ಯರಸ್ತೆಯ ಎರಡು ವಾಹನಗಳ ನಡುವಿನ ಬಿಡುವೇ ಗ್ಯಾಪ್. ಅಡ್ಡರಸ್ತೆಯವನು ನುಗ್ಗದೆ ಹೊರಡಲು ಬೇಕಾದ ಕನಿಷ್ಠ ಗ್ಯಾಪ್ ಕ್ರಿಟಿಕಲ್ ಗ್ಯಾಪ್. ಇದೆಲ್ಲ ನೀವು ಓದಿರುವುದೇ, ಹೆಚ್ಚು ಹೇಳುವುದಿಲ್ಲ. ನೇರವಾಗಿ ಒಂದು ಲೆಕ್ಕಕ್ಕೆ ಬರೋಣ.

ಸಿಗ್ನಲ್ ಇಲ್ಲದ ಟಿ-ಜಂಕ್ಷನ್. ಮುಖ್ಯರಸ್ತೆಯಲ್ಲಿ ಗಂಟೆಗೆ 900 ವಾಹನ. ಕ್ರಿಟಿಕಲ್ ಗ್ಯಾಪ್ 6 ಸೆಕೆಂಡ್, ಫಾಲೋ-ಅಪ್, ಅಂದರೆ ಒಂದೇ ಗ್ಯಾಪಿನಲ್ಲಿ ಒಂದರ ಹಿಂದೆ ಒಂದು ಹೊರಡುವ ವಾಹನಗಳ ನಡುವಿನ ಹೊತ್ತು, 3 ಸೆಕೆಂಡ್ ಅಂತ ಇಟ್ಟುಕೊಳ್ಳಿ. ನಮ್ಮ ಮಾಮೂಲಿ ಸೂತ್ರದಲ್ಲಿ ಅಡ್ಡರಸ್ತೆಯ ಸಾಮರ್ಥ್ಯ, ಅಂದರೆ ಅಲ್ಲಿಂದ ಹೊರಡಬಹುದಾದ ವಾಹನ, ಗಂಟೆಗೆ ಸುಮಾರು 380 ಬರುತ್ತದೆ. ಈಗ 6 ತೆಗೆದು 4 ಹಾಕಿ. ಸಾಮರ್ಥ್ಯ 628! ರಸ್ತೆ ಒಂದಡಿಯೂ ಅಗಲ ಆಗಿಲ್ಲ. ಜನ ನುಗ್ಗಿದರು, ಅಷ್ಟೇ. ನುಗ್ಗಿ ಸಿಕ್ಕಿದ್ದನ್ನು ಸಾಮರ್ಥ್ಯ ಅಂತ ವರದಿಯಲ್ಲಿ ಬರೆಯಬೇಡಿ ಅನ್ನುವುದೇ ನನ್ನ ವಾದ.

ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹೋಗಿ ನಿಂತು ನೋಡಿ. ಎರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಊರ ರಸ್ತೆಯಿಂದ ಬಂದು ಹೆದ್ದಾರಿ ಬಾಯಲ್ಲಿ ನಿಲ್ಲುತ್ತದೆ. ಅದಕ್ಕೆ ದೊಡ್ಡ ಗ್ಯಾಪ್ ಬೇಕು. ಗ್ಯಾಪ್ ಬಂದರೂ ಸಿಗುವುದಿಲ್ಲ. ಎಡಕ್ಕೆ ಎರಡು ಬೈಕು, ಬಲಕ್ಕೆ ಮೂರು ಬೈಕು ಮುಂದೆ ಬಂದು ಆ ಜಾಗ ತಿಂದುಬಿಡುತ್ತವೆ. ಕೊನೆಗೆ ಟ್ರೈಲರ್ ಮೇಲಿದ್ದ ಹುಡುಗ ಇಳಿಯುತ್ತಾನೆ. ಹೆಗಲ ಟವೆಲ್ ಬೀಸುತ್ತಾ ನಡುರಸ್ತೆಗೆ ಹೋಗಿ ಬಸ್ಸಿಗೇ ಅಡ್ಡ ನಿಲ್ಲುತ್ತಾನೆ. ಬಸ್ಸು ಬ್ರೇಕ್ ಹಾಕುತ್ತದೆ, ಟ್ರ್ಯಾಕ್ಟರ್ ದಾಟುತ್ತದೆ. ನಮ್ಮ ವಿಡಿಯೋದಲ್ಲಿ ಇದು 'ಗ್ಯಾಪ್ ಸ್ವೀಕರಿಸಲಾಯಿತು' ಅಂತ ದಾಖಲಾಗುತ್ತದೆ. ಆ ಗ್ಯಾಪ್ ಹುಟ್ಟಿದ್ದು ಆ ಹುಡುಗನಿಂದ, ಅಲ್ವಾ?

ಸ್ವೀಕರಿಸಿದ ಗ್ಯಾಪಿಗೊಂದು, ಬಿಟ್ಟ ಗ್ಯಾಪಿಗೊಂದು ಗೆರೆ ಎಳೆದು, ಅವು ಕೂಡುವ ಕಡೆಯನ್ನು ಕ್ರಿಟಿಕಲ್ ಗ್ಯಾಪ್ ಅನ್ನುವುದು ರಾಫ್ ವಿಧಾನ. ಆ ಎರಡು ಗೆರೆಗಳು ಇಲ್ಲಿ ಸುಮ್ನೆ ಯಾವುದೋ ಒಂದು ಕಡೆ ಕೂಡುತ್ತವೆ. ಕಾಯುವ ಶಿಸ್ತು ಇರುವ ಕಡೆಗೆ ಅದು ಸರಿ. 2017ರ ಇಂಡೋ-ಎಚ್‌ಸಿಎಂ (ಭಾರತದ ರಸ್ತೆ ಸಾಮರ್ಥ್ಯದ ಕೈಪಿಡಿ) ಇದಕ್ಕೇ ಬೇರೆ ದಾರಿ ಹಿಡಿಯಿತು. ವಾಹನ ಜಂಕ್ಷನ್ನಿನ ಜಾಗ ದಾಟಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಅದು ಲೆಕ್ಕಕ್ಕೆ ತಂದಿತು. ದೊಡ್ಡ ಹೆಜ್ಜೆ ಅದು. ಆದರೂ ಹೇಳುತ್ತೇನೆ, ನುಗ್ಗಿ ಸಿಕ್ಕಿದ್ದು ಸಾಮರ್ಥ್ಯ ಅಲ್ಲ.

ಇನ್ನು ಡಿಲೇ, ಅಂದರೆ ಕಾಯುವ ಹೊತ್ತು. ಅದೇ 380 ಸಾಮರ್ಥ್ಯದ ಅಡ್ಡರಸ್ತೆಗೆ ಗಂಟೆಗೆ 200 ವಾಹನ ಬಂದರೆ, ಅಮೆರಿಕದ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಸೂತ್ರದಲ್ಲಿ ಒಂದಕ್ಕೆ ಸರಾಸರಿ 24 ಸೆಕೆಂಡ್ ಕಾಯುವಿಕೆ. 300 ಬಂದರೆ 42. 350 ಬಂದರೆ 61. ಕೊನೆಯ 50 ವಾಹನಕ್ಕೆ ಸುಮಾರು 20 ಸೆಕೆಂಡ್ ಏರಿತು ನೋಡಿ. ನುಗ್ಗಾಟ ಶುರುವಾಗುವುದೇ ಇಲ್ಲಿ. ಕಾದು ಕಾದು ಸಾಕಾದವನು 6 ಸೆಕೆಂಡಿನ ಗ್ಯಾಪ್ ಬಿಟ್ಟು 4ಕ್ಕೆ ಇಳಿಯುತ್ತಾನೆ.

ಚೀಟಿ ಬಂತು, ಐದೇ ನಿಮಿಷವಂತೆ. ರೌಂಡ್‌ಅಬೌಟ್ ವಿಷಯ ಬಿಡುತ್ತೇನೆ. ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ ಅನ್ನುವ ನಿಯಮದ್ದು ಇನ್ನೊಂದು ದಿನ.

ಒಂದೇ ಕೋರಿಕೆ. ಸರ್ವೆ ಶೀಟಿನಲ್ಲಿ ಒಂದು ಕಾಲಂ ಜಾಸ್ತಿ ಮಾಡಿ: ಮುಖ್ಯರಸ್ತೆಯವನು ಬ್ರೇಕ್ ಹಾಕಿದನೇ, ಇಲ್ಲವೇ. ಹಾಕಿದ್ದರೆ ಆ ಗ್ಯಾಪನ್ನು ಪ್ರತ್ಯೇಕವಾಗಿ ಎಣಿಸಿ, ಎರಡು ಸಾಮರ್ಥ್ಯವನ್ನೂ ಪಕ್ಕಪಕ್ಕ ಬರೆಯಿರಿ. ಸಿಗ್ನಲ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರ ಕೈಗೆ ಎರಡೂ ಅಂಕಿ ಹೋಗಲಿ.