ಬ್ಲಾಸ್ಟಿಂಗ್‌ಗೆ ಕಳಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಹಳೇ ಜೀಪ್ ಸರಿಮಾಡಿಸುವವರು ಬಾಡಿಯ ಬಣ್ಣಕ್ಕೆ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ), ಆಕ್ಸಲ್ (ಚಕ್ರದ ಅಚ್ಚು) ಸರದಿ ಬಂದಾಗ ಮಾತ್ರ ಒಂದೇ ಮಾತು: ಬ್ಲಾಸ್ಟಿಂಗ್ ಮಾಡಿಸಿ, ಅಂದರೆ ಮರಳು ಚಿಮ್ಮಿಸಿ ಹಳೇ ಬಣ್ಣ ತೆಗೆಸಿ, ಕಪ್ಪು ಹೊಡೆಯಿರಿ. ಅಲ್ಲಿಗೆ ಆ ಗಾಡಿಯ ಅರ್ಧ ಚರಿತ್ರೆ ಮರಳಿನ ಜೊತೆ ಹೋಯಿತು.

ಎರಡನೇ ಮಹಾಯುದ್ಧದ ಜೀಪನ್ನೇ ತಗೊಳ್ಳಿ. ವಿಲ್ಲಿಸ್ ಕಂಪನಿ ಎಂಬಿ ಅನ್ನುವ ಮಾದರಿ ಮಾಡಿತು. ಅದೇ ನಕ್ಷೆಯಲ್ಲಿ ಫೋರ್ಡ್ ಜಿಪಿಡಬ್ಲ್ಯು ಮಾಡಿತು. ಎರಡೂ ಸೇರಿ 6 ಲಕ್ಷಕ್ಕೂ ಜಾಸ್ತಿ. ಹೊರಗೆ ಎರಡೂ ಮಂಕು ಆಲಿವ್ ಹಸಿರು. ಬಾನೆಟ್ ಎತ್ತಿದರೆ ಫೋರ್ಡ್ ಎಂಜಿನ್ ಬೂದು, ವಿಲ್ಲಿಸ್ ಎಂಜಿನ್ ಹಸಿರು. ಆದರೆ ಸೇನೆಯ ವರ್ಕ್‌ಶಾಪಿನವರಿಗೆ ಬೇಕಿದ್ದದ್ದು ಓಡುವ ಗಾಡಿ. ಕೈಗೆ ಸಿಕ್ಕ ಎಂಜಿನ್ ಕೂರಿಸಿ ಕಳಿಸುತ್ತಿದ್ದರು. ಹಾಗಾಗಿ ವಿಲ್ಲಿಸ್ ಜೀಪಿನಲ್ಲಿ ಬೂದು ಬಣ್ಣ ಕಂಡರೆ ಗಾಬರಿ ಬೇಡ. ಮೊದಲು ಫೋಟೋ ತೆಗೆದಿಡಿ.

ಈ ಜೀಪುಗಳ ಗೇರ್ ಬಾಕ್ಸ್ ವಾರ್ನರ್ ಕಂಪನಿಯಿಂದ, ಆಕ್ಸಲ್ ಸ್ಪೈಸರ್ ಕಂಪನಿಯಿಂದ ಬರುತ್ತಿತ್ತು. ಬಾಡಿಯ ಮೇಲೆ ಹೊಡೆದ ಬಣ್ಣವೇ ಕೆಳಗೂ ಇರಬೇಕು ಅಂತ ಊಹಿಸಬೇಡಿ. ಲ್ಯಾಂಡ್ ರೋವರ್‌ನಲ್ಲೂ ಅಷ್ಟೇ. 1948ರ ಮೊದಮೊದಲ ಗಾಡಿಗಳ ಬಾಡಿ ಹಸಿರು, ಛಾಸಿ (ಕೆಳಗಿನ ಚೌಕಟ್ಟು) ಬೆಳ್ಳಿ ಬಣ್ಣ.  ಮುಂದಿನ ಚಕ್ರ ಹೊರಳಲು ಇರುವ ಗುಂಡನೆಯ ಸ್ವಿವೆಲ್ ಬಾಲ್‌ಗೆ ಕ್ರೋಮ್. ಚೆಂದ ಕಾಣಲಿ ಅಂತ ಅದರ ಮೇಲೂ ಪೇಂಟ್ ಬಳಿದವರಿದ್ದಾರೆ! ಆ ಪೇಂಟ್ ಎದ್ದು ಬಂದು ಆಯಿಲ್ ಸೀಲ್ ಕೊರೆಯುತ್ತದೆ.

ಹಾಗಾದರೆ ಮೂಲ ಬಣ್ಣ ಹುಡುಕುವುದೆಲ್ಲಿ? ಬಿಸಿಲು ಬೀಳದ ಕಡೆ. ಕ್ಲಾಂಪ್ ಅಡಿ, ಬ್ರಾಕೆಟ್ ಹಿಂದೆ, ಗಟ್ಟಿಯಾದ ಗ್ರೀಸಿನ ಕೆಳಗೆ. ನಾವು ಬೈಯುವ ಆ ಕೊಳಕೇ ಬಣ್ಣವನ್ನು ಉಳಿಸಿರುತ್ತದೆ. ಮರದ ಚಕ್ಕೆಯಲ್ಲಿ ಮೆಲ್ಲಗೆ ಕೆರೆಯಿರಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಥಿನ್ನರ್ ಬೇಡ, ಹಳೇ ಬಣ್ಣವನ್ನೂ ಕರಗಿಸುತ್ತದೆ. ಆಮೇಲೆ ನಾಣ್ಯದಷ್ಟು ಜಾಗದಲ್ಲಿ ವಾಟರ್ ಪೇಪರ್ ಉಜ್ಜಿ. ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ: ಮೇಲೆ ಯಾರೋ ಬಳಿದ ಕಪ್ಪು, ಕೆಳಗೆ ಸೇನೆಯ ಹಸಿರು, ಅದರಡಿ ಪ್ರೈಮರ್. ನೀರು ಹಾಕಿಯೇ ಉಜ್ಜಬೇಕು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಆಕ್ಸಲ್ ನಡುವಿನ ಗೇರುಗಳ ಗುಂಡು, ಅಂದರೆ ಡಿಫರೆನ್ಶಿಯಲ್, ಅದರ ಕವರ್ ಬೋಲ್ಟಿನಲ್ಲಿ ಪುಟ್ಟ ತಗಡು ಸಿಕ್ಕರೆ ದಯವಿಟ್ಟು ಎಸೆಯಬೇಡಿ. 43-8 ಅಂತಿದ್ದರೆ ದೊಡ್ಡ ಗೇರ್ ಕ್ರೌನ್‌ಗೆ 43 ಹಲ್ಲು, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್‌ಗೆ 8. ಭಾಗಿಸಿದರೆ ರೇಶಿಯೋ ಸುಮಾರು 5.38. ಯುದ್ಧಕಾಲದ ಎಂಬಿಯದು 4.88. ನಮ್ಮ ಮಲೆನಾಡಿನ ಕಾಫಿ ತೋಟಗಳ ಮಹೀಂದ್ರ ಜೀಪುಗಳೂ ಇದೇ ವಂಶದವು. ಅಲ್ಲಿ ಆಕ್ಸಲ್‌ನ ಹೌಸಿಂಗ್ (ಗೇರುಗಳ ಹೊರಕವಚ) ಅದಲುಬದಲಾಗುವುದು ಮಾಮೂಲು, ಅಲ್ವಾ? ಹಿಂದೊಂದು ಮುಂದೊಂದು ರೇಶಿಯೋ ಇದ್ದು, ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್‌ಗೇ ಪೆಟ್ಟು. ಆದ್ದರಿಂದ ತಗಡನ್ನೂ ಪೂರ್ತಿ ನಂಬಬೇಡಿ, ಕವರ್ ಬಿಚ್ಚಿ ಹಲ್ಲು ಎಣಿಸಿ.

ಹೊಸ ಬಣ್ಣ ಹೊಡೆಯುವಾಗ ಕನ್ನಡಿಯ ಹೊಳಪು ಬೇಡ. ಪುಡಿ ಬಳಿದು ಬಿಸಿಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಗಟ್ಟಿ ನಿಜ, ಆದರೆ ಬೋಲ್ಟ್ ಕೂರುವ ಮುಖದಲ್ಲಿ ದಪ್ಪ ಕೂತರೆ ಟೈಟ್ ನಿಲ್ಲುವುದಿಲ್ಲ. ನನಗೆ ಕೇಳಿದರೆ ತೆಳು ಎನಾಮೆಲ್ ಸಾಕು.

ಈ ಮೇಜಿನ ಮೇಲೆ ಒಂದು ಟ್ರಾನ್ಸ್‌ಫರ್ ಕೇಸ್ ಇದೆ. ಇನ್ನೂ ತೊಳೆದಿಲ್ಲ. ಪ್ರಶ್ನೆಗಳಿದ್ದರೆ ಇಲ್ಲೇ ಬನ್ನಿ, ಕೆರೆಯುತ್ತಲೇ ಮಾತಾಡೋಣ.