ಎದುರಾಳಿಯ ಭಾಷೆ ಹಿಡಿದ ಎಎಂಡಿ

ಎಲ್ಲರಿಗೂ ನಮಸ್ಕಾರ.

2012ರ ಅಕ್ಟೋಬರ್‌ನಲ್ಲಿ ಎಎಂಡಿ ಕಂಪನಿ ಒಂದು ಮಾತು ಹೇಳಿತು. ಸರ್ವರ್‌ಗಳಿಗಾಗಿ 64 ಬಿಟ್ ಆರ್ಮ್ ಪ್ರೊಸೆಸರ್ ಮಾಡುತ್ತೇವೆ, 2014ಕ್ಕೆ ತರುತ್ತೇವೆ ಅಂತ. ಇದು ಯಾಕೆ ಅಷ್ಟು ದೊಡ್ಡ ಸುದ್ದಿ? ಅದಕ್ಕೆ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಪ್ರತಿ ಪ್ರೊಸೆಸರ್‌ಗೂ ತನಗೆ ಅರ್ಥವಾಗುವ ಆದೇಶಗಳ ಒಂದು ಪಟ್ಟಿ ಇರುತ್ತದೆ. ಕೂಡು, ಕಳೆ, ಮೆಮೊರಿಯಿಂದ ತಾ, ಹೀಗೆ. ಅದು ಚಿಪ್‌ನ ಭಾಷೆ. ಇಂಟೆಲ್ ಮತ್ತು ಎಎಂಡಿ ಎರಡೂ ಆಡುವುದು ಇಂಟೆಲ್‌ನಿಂದ ಬಂದ ಎಕ್ಸ್86 ಭಾಷೆ. ಅದನ್ನು 64 ಬಿಟ್‌ಗೆ, ಅಂದರೆ ಇನ್ನೂ ಹೆಚ್ಚು ಮೆಮೊರಿ ಬಳಸುವಂತೆ, ಬೆಳೆಸುವ ಹೊತ್ತಿಗೆ ಇಂಟೆಲ್ ದೊಡ್ಡ ಸರ್ವರ್‌ಗಳಿಗೆ ಇಟೇನಿಯಂ ಎಂಬ ಹೊಸ ಭಾಷೆ ಹಿಡಿದಿತ್ತು. ಎಎಂಡಿ ಹಳೆಯದನ್ನೇ ಹಿಗ್ಗಿಸಿ 2003ರಲ್ಲಿ ಆಪ್ಟೆರಾನ್ ಬಿಟ್ಟಿತು. ಹಳೆಯ ಪ್ರೋಗ್ರಾಂಗಳು ಹಾಗೇ ಓಡಿದವು. ಮರುವರ್ಷ ಇಂಟೆಲ್ ತನ್ನ ಜಿಯಾನ್ ಚಿಪ್‌ನಲ್ಲಿ ಎಎಂಡಿಯ ದಾರಿಯನ್ನೇ ಹಿಡಿಯಿತು. ಈಗಲೂ ಇಂಟೆಲ್ ಲ್ಯಾಪ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಇಳಿಸಿಕೊಳ್ಳಿ, ಫೈಲ್ ಹೆಸರಲ್ಲಿ 'ಎಎಂಡಿ64' ಅಂತಲೇ ಇರುತ್ತದೆ.

ಅಂಥ ಕಂಪನಿ ಆರ್ಮ್ ಕಡೆ ತಿರುಗಿತು, ಅಂದರೆ ಆಗ ಜನ ಫೋನ್ ಚಿಪ್ ಅಂತಲೇ ಗುರುತಿಸುತ್ತಿದ್ದ ಭಾಷೆಯ ಕಡೆ. ಕಾರಣ ಕರೆಂಟ್. ವೆಬ್ ಪುಟ ಕಳಿಸುವಂಥ ಸಣ್ಣ ಸಣ್ಣ ಕೆಲಸಕ್ಕೆ ದೈತ್ಯ ಚಿಪ್ ಯಾಕೆ, ಕಡಿಮೆ ಕರೆಂಟ್ ತಿನ್ನುವ ಚಿಕ್ಕ ಕೋರ್‌ಗಳನ್ನು (ಆದೇಶ ಪಾಲಿಸುವ ಘಟಕಗಳನ್ನು) ಸಾಲಾಗಿ ಜೋಡಿಸಿದರೆ ಸಾಲದೇ ಎಂಬ ಲೆಕ್ಕ. ಅದೇ ವರ್ಷ ಅಂಥ ಜೋಡಣೆ ಬಲ್ಲ ಸೀಮೈಕ್ರೋ ಕಂಪನಿಯನ್ನು ಎಎಂಡಿ 33.4 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು.

ಲೆಕ್ಕ ತಪ್ಪಿರಲಿಲ್ಲ. ಆದರೆ ಭಾಷೆ ಬದಲಾಯಿಸುವುದು ಎಷ್ಟು ಕಷ್ಟ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಕೋಡನ್ನು ಮತ್ತೆ ಕಂಪೈಲ್ ಮಾಡಿದರೆ, ಅಂದರೆ ಹೊಸ ಚಿಪ್‌ನ ಭಾಷೆಗೆ ತಿರುಗಿಸಿದರೆ, ಆಯ್ತಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬಹಳ ಸಲ ಅಷ್ಟೇ ಸಾಕು. ಸಾಲದ ಜಾಗದಲ್ಲಿ ಮಾತ್ರ ರಾತ್ರಿಯ ನಿದ್ದೆ ಹೋಗುತ್ತದೆ.

ಮನೆಯಲ್ಲಿ ಎಲೆಗೆ ಬಡಿಸಿ, ಆಮೇಲೆ 'ಊಟಕ್ಕೆ ಬನ್ನಿ' ಅಂತ ಕರೆಯುತ್ತೇವೆ. ಪ್ರೋಗ್ರಾಂನಲ್ಲೂ ಹಾಗೇ. ಒಂದು ಕೋರ್ ಮೊದಲು ಡೇಟಾ ಬರೆಯುತ್ತದೆ, ಆಮೇಲೆ 'ಸಿದ್ಧ' ಅಂತ ಒಂದು ಗುರುತು ಹಾಕುತ್ತದೆ. ಇನ್ನೊಂದು ಕೋರ್ ಆ ಗುರುತು ನೋಡಿ ಡೇಟಾ ಓದುತ್ತದೆ. ಎಕ್ಸ್86 ಚಿಪ್ ಈ ಕ್ರಮವನ್ನು ಕಾಪಾಡುತ್ತದೆ. ಆರ್ಮ್ ಚಿಪ್‌ಗೆ ಆ ಕಟ್ಟುಪಾಡಿಲ್ಲ. ವೇಗಕ್ಕಾಗಿ ಹಿಂದುಮುಂದು ಮಾಡಬಹುದು. ಕರೆದದ್ದು ಮೊದಲು ಕೇಳಿಸುತ್ತದೆ, ಬಂದು ನೋಡಿದರೆ ಎಲೆ ಖಾಲಿ! ಬರೆಯುವ ಕಡೆ ಒಂದು, ಓದುವ ಕಡೆ ಒಂದು ಬ್ಯಾರಿಯರ್, ಅಂದರೆ ಇಲ್ಲಿ ಕ್ರಮ ಮುರಿಯಬೇಡ ಎಂಬ ಆದೇಶ, ಹಾಕಿದರೆ ಸರಿಹೋಗುತ್ತದೆ. ವರ್ಷಗಟ್ಟಲೆ ಎಕ್ಸ್86 ಮೇಲೆ ಚೆನ್ನಾಗಿ ಓಡಿದ ಕೋಡ್, ಆರ್ಮ್ ಮೇಲೆ ಲಕ್ಷಕ್ಕೊಮ್ಮೆ ತಪ್ಪು ಉತ್ತರ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪು ಚಿಪ್‌ನದಲ್ಲ. ನಮ್ಮ ಕೋಡ್‌ನಲ್ಲಿ ಮೊದಲಿಂದಲೂ ಇತ್ತು, ಎಕ್ಸ್86 ಅದನ್ನು ಮುಚ್ಚಿಟ್ಟಿತ್ತು.

ಇದರ ಜೊತೆ ಇನ್ನೊಂದು ತೊಡಕು. ಫೋನ್ ಲೋಕದಲ್ಲಿ ಒಂದೊಂದು ಆರ್ಮ್ ಬೋರ್ಡ್‌ಗೂ ಅದರದ್ದೇ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬೇಕಾಗುತ್ತಿತ್ತು. ಸಾವಿರ ಸರ್ವರ್ ಇಟ್ಟುಕೊಂಡವರಿಗೆ ಅದು ಆಗುವ ಮಾತಲ್ಲ. 2014ರ ಜನವರಿಯಲ್ಲಿ ಒಂದೇ ಕರ್ನಲ್ ಎಲ್ಲ ಕಡೆ ಓಡಲಿ ಅಂತ ಆರ್ಮ್ ಕಂಪನಿ ಸರ್ವರ್‌ಗಳಿಗೆ ಒಂದು ಸಮಾನ ನಿಯಮ ಪ್ರಕಟಿಸಿತು. ಎಎಂಡಿಯ ಚಿಪ್ ಇದ್ದ ಬೋರ್ಡ್‌ಗಳು ಲಿನಕ್ಸ್ ಕೆಲಸ ಮಾಡುವವರ ಮೇಜಿಗೆ ಬಂದವು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಎಂಡಿಯ ನಿಜವಾದ ಕೊಡುಗೆ ಇದೇ.

ಯಾಕಂದರೆ ಮಾರುಕಟ್ಟೆಯಲ್ಲಿ ಆ ಚಿಪ್ ನಿಲ್ಲಲಿಲ್ಲ. 'ಸಿಯಾಟಲ್' ಎಂಬ ಅಡ್ಡಹೆಸರಿನ ಆಪ್ಟೆರಾನ್ ಎ1100 ಅಂತೂ ಬಿಡುಗಡೆಯಾದದ್ದು 2016ರ ಜನವರಿಯಲ್ಲಿ. ಎಂಟು ಕೋರ್, 128 ಜಿಬಿವರೆಗೆ ಮೆಮೊರಿ. ಅಷ್ಟರಲ್ಲಿ ಇಂಟೆಲ್ ಕಡಿಮೆ ಕರೆಂಟಿನ ಜಿಯಾನ್ ಡಿ ತಂದಾಗಿತ್ತು. ಆರ್ಮ್ ಸರ್ವರ್ ಮಾಡಹೊರಟ ಕ್ಯಾಲ್ಕ್ಸೆಡಾ 2013ರಲ್ಲೇ ಬಾಗಿಲು ಹಾಕಿತ್ತು. ಸೀಮೈಕ್ರೋ ವ್ಯವಹಾರವನ್ನು ಎಎಂಡಿ 2015ರಲ್ಲಿ ನಿಲ್ಲಿಸಿತು. ಕೆ12 ಎಂಬ ಸ್ವಂತ ಆರ್ಮ್ ಕೋರ್ ಹೊರಬರಲೇ ಇಲ್ಲ. ಕೈಲಿದ್ದ ಶಕ್ತಿಯನ್ನೆಲ್ಲ ಎಕ್ಸ್86ನ ಝೆನ್ ಎಂಬ ಹೊಸ ಕೋರ್ ಮೇಲೆ ಹಾಕಿದರು. 2017ರ ಎಪಿಕ್ ಸರ್ವರ್ ಚಿಪ್ ಅದರ ಫಲ. ಆ ನಿರ್ಧಾರ ಸರಿಯಾಗಿತ್ತು ಅಂತಲೇ ನಾನು ಹೇಳುತ್ತೇನೆ.

ಆರ್ಮ್ ಸರ್ವರ್ ಗೆದ್ದದ್ದು ಬೇರೆ ದಾರಿಯಲ್ಲಿ. 2018ರ ನವೆಂಬರ್‌ನಲ್ಲಿ ಅಮೆಜಾನ್ ತನ್ನ ಕ್ಲೌಡ್‌ಗೆ ಗ್ರಾವಿಟಾನ್ ತಂದಿತು. ಚಿಪ್ ಅವರದೇ, ಡೇಟಾ ಸೆಂಟರ್ ಅವರದೇ, ಕರೆಂಟ್ ಬಿಲ್ಲೂ ಅವರದೇ. ಕೊಳ್ಳುವವರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಎಎಂಡಿ ಮಾತ್ರ ಸರ್ವರ್ ಕಟ್ಟುವವರನ್ನೂ ಒಪ್ಪಿಸಬೇಕಿತ್ತು, ಅವರ ಗಿರಾಕಿಗಳನ್ನೂ ಒಪ್ಪಿಸಬೇಕಿತ್ತು, ಸಾಫ್ಟ್‌ವೇರ್ ಬರೆಯುವ ನಮ್ಮಂಥವರನ್ನೂ.

ಈಗ ಆ ಎಲೆ ಮತ್ತು ಕರೆಯ ಕೋಡ್ ಸ್ಕ್ರೀನ್ ಮೇಲಿದೆ. ಒಂದೇ ಕೋಡ್, ಬ್ಯಾರಿಯರ್ ಇಲ್ಲ. ಎಡಗಡೆ ಎಕ್ಸ್86 ಸರ್ವರ್, ಬಲಗಡೆ ಆರ್ಮ್. ಎರಡರಲ್ಲೂ ಓಡಿಸುತ್ತೇನೆ, ಬಲಗಡೆಯ ತಪ್ಪುಗಳ ಎಣಿಕೆ ಮೇಲೆ ಕಣ್ಣಿಡಿ.