ಫಿಸಿಕ್ಸ್ ಓದೋರಿಗೆ ಒಂದೇ ಎಲೆಕ್ಟಿವ್: ಗಣಿತವೋ, ಪ್ರೋಗ್ರಾಮಿಂಗೋ?

ಬಿಎಸ್ಸಿಯಲ್ಲಿ ಇನ್ನೊಂದು ಪೇಪರ್‌ಗೆ ಮಾತ್ರ ಜಾಗ ಇದೆ. ಲೀನಿಯರ್ ಆಲ್ಜೀಬ್ರಾ (ಮ್ಯಾಟ್ರಿಕ್ಸ್‌ಗಳ ಗಣಿತ) ತಗೊಳ್ಳೋದಾ, ಪೈಥಾನ್ ಪ್ರೋಗ್ರಾಮಿಂಗ್ ತಗೊಳ್ಳೋದಾ? ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಒಳ್ಳೇದಾ, ಪಿಎಂಸಿಎಸ್ (ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್) ಒಳ್ಳೇದಾ ಅನ್ನೋ ಜಗಳ ಇದಲ್ಲ ಬಿಡಿ. ಆ ಎರಡರಲ್ಲೂ ಗಣಿತ ಇದ್ದೇ ಇರುತ್ತೆ, ಪಿಎಂಸಿಎಸ್ ತಗೊಂಡರೆ ಕೈಬಿಡೋದು ಕೆಮಿಸ್ಟ್ರಿಯನ್ನ.

ಸ್ಕ್ರೀನ್ ಮೇಲೆ ಒಂದು ಉದಾಹರಣೆ ನೋಡಿ. ಸ್ಪ್ರಿಂಗ್‌ಗೆ ಕಟ್ಟಿದ ಗುಂಡು, ಪಿಯುಸಿಯಲ್ಲೇ ಓದಿದ ಸರಳ ಸಂಗತ ಚಲನೆ. ಕೋನೀಯ ಆವೃತ್ತಿ 1, ಕಾಲದ ಹೆಜ್ಜೆ 0.01. ಚಲನೆಯನ್ನ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಲೆಕ್ಕ ಹಾಕೋ ಆಯ್ಲರ್ ವಿಧಾನದಲ್ಲಿ ಹಳೇ ವೇಗದಿಂದ ಹೊಸ ಸ್ಥಾನ, ಹಳೇ ಸ್ಥಾನದಿಂದ ಹೊಸ ವೇಗ. ಲೂಪ್ 10,000 ಸಲ. ಎರರ್ ಬರಲ್ಲ, ಮೊದಲ ಎರಡು ಮೂರು ಸುತ್ತು ಗ್ರಾಫೂ ಚೆನ್ನಾಗೇ ಕಾಣುತ್ತೆ. ಒಟ್ಟು ಶಕ್ತಿಯನ್ನ ಪ್ಲಾಟ್ ಮಾಡಿ ನೋಡಿ: ಸುಮಾರು 16 ಆಂದೋಲನ ಮುಗಿಯೋ ಹೊತ್ತಿಗೆ ಅದು 2.7 ಪಟ್ಟಾಗಿದೆ. ಹೊರಗಿಂದ ಬಲ ಇಲ್ಲ, ಏನಿಲ್ಲ. ಈ ಶಕ್ತಿ ಎಲ್ಲಿಂದ ಬಂತು?

ಕೋಡ್ ಮಾತ್ರ ಬಲ್ಲವರು ಹೆಜ್ಜೆಯನ್ನ 0.001ಕ್ಕೆ ಇಳಿಸ್ತಾರೆ. ಕೆಲಸ 10 ಪಟ್ಟು ಹೆಚ್ಚಾಯ್ತು, ಆದರೂ ಅಷ್ಟೇ ಅವಧಿಗೆ ಶಕ್ತಿ ಶೇ 10.5ರಷ್ಟು ಏರುತ್ತೆ. ರೋಗ ಹೋಗಿಲ್ಲ, ನಿಧಾನ ಆಗಿದೆ ಅಷ್ಟೆ.

ಲೀನಿಯರ್ ಆಲ್ಜೀಬ್ರಾ ಗೊತ್ತಿದ್ದವರು ಒಂದೊಂದು ಹೆಜ್ಜೆಯನ್ನೂ 2×2 ಮ್ಯಾಟ್ರಿಕ್ಸ್ ಆಗಿ ಬರೀತಾರೆ. ಅದರ ಡಿಟರ್ಮಿನೆಂಟ್ 1.0001. ಪ್ರತಿ ಹೆಜ್ಜೆಗೂ ಶಕ್ತಿ ಅಷ್ಟರಿಂದಲೇ ಗುಣಿಸಿಕೊಳ್ಳುತ್ತೆ; 10,000 ಸಲ ಗುಣಿಸಿದರೆ ಹೆಚ್ಚುಕಮ್ಮಿ 2.718. ಪರಿಹಾರಕ್ಕೆ ಒಂದು ಸಾಲು ಅದಲು ಬದಲು ಮಾಡಿದರೆ ಸಾಕು. ಮೊದಲು ಹೊಸ ವೇಗ ಲೆಕ್ಕ ಹಾಕಿ, ಆಮೇಲೆ ಆ ಹೊಸ ವೇಗದಿಂದಲೇ ಸ್ಥಾನ. ಈಗ ಡಿಟರ್ಮಿನೆಂಟ್ 1, ಐಗನ್ ವ್ಯಾಲ್ಯೂಗಳ (ಮ್ಯಾಟ್ರಿಕ್ಸ್ ತನ್ನ ವಿಶೇಷ ವೆಕ್ಟರ್‌ಗಳನ್ನ ಎಷ್ಟರಿಂದ ಗುಣಿಸುತ್ತೆ ಅನ್ನೋ ಸಂಖ್ಯೆಗಳ) ಗಾತ್ರವೂ 1. ಶಕ್ತಿ ಶೇ 0.5ರಷ್ಟು ಆಚೀಚೆ ಹೊಯ್ದಾಡುತ್ತೆ, ಏರುತ್ತಾ ಹೋಗಲ್ಲ.

ಅದಕ್ಕೇ ನಮ್ಮ ಸಲಹೆ: ಕ್ಲಾಸಿನ ಜಾಗ ಗಣಿತಕ್ಕೆ ಕೊಡಿ. ಪೈಥಾನ್‌ನ ವ್ಯಾಕರಣ ತಪ್ಪಿದರೆ ಎಷ್ಟನೇ ಸಾಲು ಅಂತ ಅದೇ ಹೇಳುತ್ತೆ. ಮನೇಲಿ ಕೂತು ಬರೆದ ಪ್ರೂಫ್ ತಪ್ಪಿದರೆ ಹೇಳೋರು ಬೇಕು. ಹಾಗಂತ ಯಾವ ಗಣಿತ ಆದರೂ ಸರಿ ಅಂತಲ್ಲ. ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್, ಕಾಂಪ್ಲೆಕ್ಸ್ ಅನಾಲಿಸಿಸ್ ಮೊದಲು. ನಂಬರ್ ಥಿಯರಿ ಸೊಗಸಾದ ವಿಷಯ, ಆದರೆ ಕ್ವಾಂಟಂ ಮೆಕ್ಯಾನಿಕ್ಸ್ ಕ್ಲಾಸ್ ಅದಕ್ಕೆ ಕಾಯ್ತಾ ಕೂತಿಲ್ಲ.

ಈ ಮೂರೂ ಆಗಿದ್ದರೆ ಮಾತು ಬೇರೆ. ಆಗ ಪ್ರೋಗ್ರಾಮಿಂಗ್ ಕೋರ್ಸಿನ ಹೆಸರು ನೋಡಬೇಡಿ, ಸಿಲಬಸ್ ತೆಗೆದು ನೋಡಿ. ರುಂಗೆ-ಕುಟ್ಟಾ (ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸೋಕೆ), ಸಿಂಪ್ಸನ್ (ಇಂಟಿಗ್ರಲ್‌ಗೆ), ಗಾಸ್ ಎಲಿಮಿನೇಷನ್ (ಸಮೀಕರಣಗಳ ಗುಂಪಿಗೆ) ಥರದ ಲೆಕ್ಕದ ವಿಧಾನಗಳು ಇದ್ದು ವಾರಾವಾರ ಲ್ಯಾಬ್ ಇದ್ದರೆ ಕಣ್ಣುಮುಚ್ಚಿ ಸೇರಿ. ವೆಬ್ ಪೇಜ್, ಡೇಟಾಬೇಸ್ ಇದ್ದರೆ ಅದು ಕೆಲಸಕ್ಕೆ ಆದೀತು, ಫಿಸಿಕ್ಸ್‌ಗೆ ಅಷ್ಟಕ್ಕಷ್ಟೆ. ಖಗೋಳದ ಡೇಟಾ ಕಡೆ ಒಲವಿರೋರು ಮಾತ್ರ ಕೋಡಿಂಗ್ ತಡ ಮಾಡಬೇಡಿ. ಅಲ್ಲಿ ಫಿಟ್ಸ್ ಫೈಲ್ (ಖಗೋಳದ ಚಿತ್ರ, ಡೇಟಾ ಇಡೋ ಫೈಲ್ ಬಗೆ) ತೆರೆಯೋದರಿಂದಲೇ ಕೆಲಸ ಶುರು.

ಪರೀಕ್ಷೆ ಲೆಕ್ಕ ಬೇಕಾ? ಎಂಎಸ್ಸಿ ಪ್ರವೇಶ ಪರೀಕ್ಷೆಯಾದ ಜ್ಯಾಮ್‌ನ ಫಿಸಿಕ್ಸ್ ಸಿಲಬಸ್‌ನಲ್ಲಿ ಮ್ಯಾಟ್ರಿಕ್ಸ್, ಫೂರಿಯೇ ಸರಣಿ, ಸ್ಟೋಕ್ಸ್ ಪ್ರಮೇಯ ಇವೆ, ಪ್ರೋಗ್ರಾಮಿಂಗ್ ಇಲ್ಲ. ಸಂಶೋಧನಾ ಫೆಲೋಶಿಪ್, ಅಧ್ಯಾಪಕ ಅರ್ಹತೆಯ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ನಲ್ಲಿ ರುಂಗೆ-ಕುಟ್ಟಾ ಇದೆ, ಆದರೆ ಲೆಕ್ಕ ಮಾಡೋದು ಹಾಳೆ ಮೇಲೆ.

ಗಣಿತ ತಗೊಂಡೋರು ಮನೇಲಿ ಇದನ್ನ ಮಾಡಿ: ಕ್ವಾಂಟಂ ಮೆಕ್ಯಾನಿಕ್ಸ್‌ನ ಡಬ್ಬಿಯೊಳಗಿನ ಕಣ, ಅದರ ಶಕ್ತಿ ಮಟ್ಟಗಳನ್ನ ಹುಡುಕೋದು. ಪ್ಲಾಂಕ್ ಸ್ಥಿರಾಂಕದ ಎಚ್-ಬಾರ್, ಕಣದ ದ್ರವ್ಯರಾಶಿ, ಡಬ್ಬಿಯ ಉದ್ದ ಮೂರೂ 1. ಒಳಗೆ 99 ಬಿಂದು, ಅಂತರ 0.01. ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ 10,000, ಅದರ ಅಕ್ಕಪಕ್ಕ ಮೈನಸ್ 5,000, ಮಿಕ್ಕಿದ್ದೆಲ್ಲ ಸೊನ್ನೆ. ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈನಲ್ಲಿ ಐಗನ್ ವ್ಯಾಲ್ಯೂ ಹುಡುಕೋ ಐಗ್‌ಎಚ್‌ಗೆ ಕೊಡಿ. ಬರೀ ಐಗ್ ಕೊಟ್ಟರೆ ಉತ್ತರಗಳು ಏರಿಕೆ ಕ್ರಮದಲ್ಲಿ ಬರುತ್ತವೆ ಅನ್ನೋ ಖಾತ್ರಿ ಇಲ್ಲ. ಮೊದಲ ಮಟ್ಟ 4.9344 ಬರುತ್ತೆ, ನಿಜವಾದ ಬೆಲೆ 4.9348. ಖುಷಿಯಾಗಿ 99ನೇ ಮಟ್ಟ ನೋಡಿದರೆ 19,995, ಅಲ್ಲಿ ಬರಬೇಕಿದ್ದದ್ದು 48,366. ಬಗ್ ಹುಡುಕಬೇಡಿ. ಆ ಅಲೆಯ ಅರ್ಧ ತರಂಗಾಂತರಕ್ಕೆ ಸಿಗೋದು ಹೆಚ್ಚುಕಮ್ಮಿ ಒಂದೇ ಬಿಂದು, ಅಷ್ಟರಲ್ಲಿ ಅದರ ಬಾಗು ಅಳೆಯೋಕೆ ಆಗಲ್ಲ. ಮೊದಲ ಹತ್ತು ಮಟ್ಟ ಧೈರ್ಯವಾಗಿ ಬಳಸಿ, ಅದಕ್ಕಿಂತ ಮೇಲೆ ಬೇಕಿದ್ದರೆ ಬಿಂದು ಹೆಚ್ಚಿಸಿ.